ಮಾತಿನ ಡಾಕ್ಟರಿಗೆ ಒಂದು ಲೋಟ ನೀರು

ಕನ್ನಡಕದ ಮೇಲೆ ಬೆವರಿಳಿದಿದೆ. ತಲೆಯೆತ್ತಿ, ತುಟಿಗೆ ತಾಗಿಸದೆ, ತಾಮ್ರದ ಲೋಟದಿಂದ ಗಟಗಟ ನೀರು ಕುಡಿಯುತ್ತಿದ್ದಾರೆ. ಮಾತಿನ ಡಾಕ್ಟರನ್ನು ನೆನೆದಾಗ ಮೊದಲು ಕಾಣುವುದು ಇದು. ಮುಂಬಯಿ ಆಚೆಯ ಶಹಾಡಿನ ಚಾಳಿನಲ್ಲಿ, ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ನಿಜಕ್ಕೂ ನಡೆದದ್ದೋ, ನಾನೇ ಕಟ್ಟಿಕೊಂಡದ್ದೋ, ಖಾತ್ರಿಯಿಲ್ಲ. ನೆನಪು ತನಗೆ ಬೇಕಾದಂತೆ ಕಥೆ ಹೊಸೆಯುತ್ತದೆಂದು ವಿಶ್ವವಿದ್ಯಾಲಯದಲ್ಲಿ ಓದಿದವನು ನಾನು.

ಎಪ್ಪತ್ತರ ದಶಕದ ಕೊನೆ. ತಂಗಿಗೆ ರಕ್ತದ ಕ್ಯಾನ್ಸರ್. ಅವರು ಠಾಣೆಯ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞೆ, ಉಡುಪಿ ಕಡೆಯವರು. ಔಷಧಿ ಕೊಡದ ಅವರನ್ನು ಅಪ್ಪ 'ಮಾತಿನ ಡಾಕ್ಟರು' ಎನ್ನುತ್ತಿದ್ದ. ನೋವನ್ನು ಹೇಳಲು ತಂಗಿಗೆ ಕಲಿಸಿದವರು ಅವರೇ: ಸಣ್ಣದು ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುವ ಲೋಕಲ್ ಗಾಡಿ, ದೊಡ್ಡದು ನಿಲ್ಲದೆ ಓಡುವ ಎಕ್ಸ್‌ಪ್ರೆಸ್. "ಬಾಯೀ, ಎಕ್ಸ್‌ಪ್ರೆಸ್ ಬಂತು!" ಎಂದು ಅವಳು ಕೂಗಿದರೆ ಕೈ ಹಿಡಿದು, "ಹೋಗಲಿ ಬಿಡು, ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುವುದಿಲ್ಲ," ಎನ್ನುತ್ತಿದ್ದರು.

ಒಂದು ದಿನ ಆಸ್ಪತ್ರೆಯ ಡಾಕ್ಟರುಗಳ ಪರವಾಗಿ ಅಪ್ಪನಿಗೆ, "ಇನ್ನು ಸೂಜಿ, ಪರೀಕ್ಷೆ ಬೇಡ. ಮಗುವಿಗೆ ಆರಾಮ ಮಾಡುವ," ಎಂದರು. ಚಿಕಿತ್ಸೆ ಫಲಿಸಲಿಲ್ಲ, ನೋವಾದರೂ ಇಳಿಸೋಣ ಎಂದು ಅವರ ಅರ್ಥ. ನಮ್ಮ ವಿಜಾಪುರದ ಕಡೆ ಆರಾಮ ಆಗುವುದೆಂದರೆ ರೋಗವೇ ವಾಸಿಯಾಗುವುದು. ಅಪ್ಪ ಚಾಳಿಗೆಲ್ಲ ಪೇಢೆ ಹಂಚಿದ. ನೋವಿನ ಔಷಧಿ ತರುವುದನ್ನೂ ಬಿಟ್ಟ.

ಔಷಧಿಗೆ ಯಾರೂ ಬಾರದ್ದು ಕಂಡು ಅವರೇ ಮನೆ ಹುಡುಕಿಕೊಂಡು ಬಂದರು. ಅಪ್ಪ ಪೇಢೆ ಹಿಡಿದ. ಅವರು ಮುಟ್ಟಲಿಲ್ಲ.

"ತಪ್ಪು ನನ್ನದು. ನೋವು ಕಡಿಮೆಯಾಗಲಿ ಅಂತ ಹೇಳಿದ್ದು. ಕಾಯಿಲೆ ಗುಣ ಆಗುವುದಿಲ್ಲ."

ಬಾಗಿಲಲ್ಲಿ ಅರ್ಧ ಚಾಳು ನಿಂತಿತ್ತು. "ಮಾತಿನ ಡಾಕ್ಟರಂತ! ಮಾತಽ ಬರೂದಿಲ್ಲ ನಿಮಗ!" ಅಪ್ಪ ಕೂಗಿದ.

"ಬರುವುದಿಲ್ಲ. ನೀವು ಕಲಿಸಿ. ಔಷಧಿ ಮಾತ್ರ ನಿಲ್ಲಿಸಬೇಡಿ."

ನಾಚಿಕೆಯಿಂದ ನಾನು ನೆಲ ನೋಡುತ್ತಿದ್ದೆ. ಹಂಚಿದ ಪೇಢೆಗೋ, ಆ ಕೂಗಿಗೋ, ಇಂದಿಗೂ ತಿಳಿಯದು.

ತಂಗಿ ತೀರಿಕೊಳ್ಳುವವರೆಗೂ ವಾರ ವಾರ ಬಂದರು. ಏನು ಹೇಳಿದರೂ ಕೊನೆಗೆ, "ನಾನು ಹೇಳಿದ್ದನ್ನು ನಿಮ್ಮ ಮಾತಲ್ಲಿ ಹೇಳಿ," ಎನ್ನುತ್ತಿದ್ದರು. ಅಪ್ಪ ಗೋಡೆಗೆ ಮುಖ ಮಾಡಿ ಹೇಳುತ್ತಿದ್ದ. ತಂಗಿ ನರಳದೆ ಹೋದಳು. ಆ ಋಣ ತೀರುವಂಥದ್ದಲ್ಲ.

ಈಗ ಅವರೂ ಇಲ್ಲ. ಬಂದವರಿಗೆ ಮೊದಲು ನೀರು ಕೊಡುವ ಜನ ನಾವು. ಅವರಿಗೆ ಕೊಟ್ಟಿದ್ದೆವೇ ಎಂದು ಅವ್ವನನ್ನು ಕೇಳಿದೆ. "ಇಲ್ಲಪ್ಪಾ. ಒಂದ್ ದಿನಾನೂ ಕೊಡಲಿಲ್ಲ," ಎಂದು ಮುಖ ತಿರುಗಿಸಿದಳು. ಅವಳ ನೆನಪನ್ನೂ ನಂಬದೆ, ಆಗ ಪಕ್ಕದ ಖೋಲಿಯಲ್ಲಿದ್ದ ಸೊಲ್ಲಾಪುರದ ಕಾಕುವಿನ ಮನೆ ಹುಡುಕಿ ಹೋದೆ.

"ಹೋಗೂ ಮುಂದ ನೀರು ನಮ್ಮಲ್ಲೇ ಕುಡೀತಿದ್ರು," ಎನ್ನುತ್ತ ಕಾಕು ಒಳಗಿನಿಂದ ಲೋಟ ತಂದು ನನ್ನ ಮುಂದಿಟ್ಟಳು.

ತಾಮ್ರದ್ದೇ.