ಹೊಳೆಗಿಳಿದ ಜಪಾನಿ ಈಜುಗಾರ

ಅಜ್ಜಿಮನೆಯಲ್ಲಿ ದೊಡ್ಡ ಮಾವನ ಹೆಸರನ್ನು ಯಾರೂ ಹೇಳುವಂತಿರಲಿಲ್ಲ. ನಾನು ಹುಟ್ಟುವ ಮೊದಲೇ ಅವರು ಕೂಳೂರಿನ ಹೊಳೆಯಲ್ಲಿ ಮುಳುಗಿ ಹೋಗಿದ್ದರು. ಹೆಸರೇನೆಂದು ಕೇಳಿ ಅಜ್ಜಿಯಿಂದ ಎರಡು ಸಲ ಬೈಸಿಕೊಂಡ ಮೇಲೆ ನಾನು ಕೇಳುವುದನ್ನೇ ಬಿಟ್ಟೆ.

ಎಂಬತ್ತರ ದಶಕದಲ್ಲಿ, ಬಂದರಿನಲ್ಲಿ ಕೆಲಸಕ್ಕಿದ್ದ ಸಣ್ಣ ಮಾವ, ಅದಿರಿನ ಹಡಗಿನ ಜಪಾನಿ ಇಂಜಿನಿಯರ್ ಒಬ್ಬನನ್ನು ಊಟಕ್ಕೆ ಕರೆತಂದರು. ಅವನು ಹಿಂದೆ ದೊಡ್ಡ ಈಜುಗಾರ. ಒಲಿಂಪಿಕ್ಸ್‌ಗೆ ಆಯ್ಕೆಯಾದ ವರ್ಷವೇ ಅವನ ದೇಶ ಬಹಿಷ್ಕಾರ ಹಾಕಿ ತಂಡ ಕಳಿಸಲಿಲ್ಲ. ಅಲ್ಲಿಗೆ ಸ್ಪರ್ಧೆ ಬಿಟ್ಟು ಹಡಗು ಹತ್ತಿದನಂತೆ. ನೀರಿನಡಿ ಹೊರಗಿನ ಯಾವ ಕೂಗೂ ಕೇಳದಿರುವುದೇ ತನಗೆ ಇಷ್ಟವಾಗಿತ್ತು ಎಂದ.

ಹಿತ್ತಲಿನಾಚೆ ಅದೇ ಕೂಳೂರಿನ ಹೊಳೆ ಕಂಡದ್ದೇ ಇಳಿದು ಮುಳುಗಿದ. ಬಹಳ ಹೊತ್ತು ಏಳಲಿಲ್ಲ.

"ಎಂತದೂ ಆಗುವುದಿಲ್ಲ ಅಮ್ಮ, ಅವನಿಗೆ ಅಭ್ಯಾಸ ಉಂಟು," ಎಂದರು ಸಣ್ಣ ಮಾವ.

ನನ್ನ ಕೈ ಹಿಡಿದು ನಿಂತಿದ್ದ ಅಜ್ಜಿಯ ತುಟಿ ಅಲುಗಿತು. ಪಕ್ಕದಲ್ಲಿದ್ದ ನನಗೂ ದನಿ ಕೇಳಿಸಲಿಲ್ಲ.

ಅವನು ದೂರದಲ್ಲಿ ಎದ್ದು ದಡಕ್ಕೆ ಬಂದ. ನೀರಿನಡಿ ಹೆಂಗಸೊಬ್ಬಳ ದನಿ ಒಂದು ಮಾತು ಕೂಗಿತು, ಅದರ ಅರ್ಥವೇನು ಎನ್ನುತ್ತಾ ಒಂದು ಹೆಸರು ಹೇಳಿದ. ಅಜ್ಜಿ ನನ್ನ ಕೈ ಬಿಟ್ಟು ನೀರಿನಂಚಿಗೆ ಹೋದರು.

ದೊಡ್ಡ ಮಾವನ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಹಾಗೆ.