ಸಾವುಗಳನ್ನು ಮನೆ ಸೇರಿಸಿದ ಅಂಕಿಯಕ್ಕ

ಜನನ ಮರಣಗಳ ಲೆಕ್ಕವೆಂದರೆ ಮೂಗು ಮುರಿಯುವ ಲೋಕದಲ್ಲಿ, ಅದೇ ಲೆಕ್ಕದಿಂದ ಒಂದು ಬಡಾವಣೆಯ ಚಿಕಿತ್ಸಾಲಯವನ್ನು ಉಳಿಸಿಕೊಟ್ಟವರು, ನಮ್ಮ ನಗರಸಭೆಯ ಅಂಕಿಅಂಶ ವಿಭಾಗದ ಮುಖ್ಯಸ್ಥೆಯಾಗಿ ಈಗ ನಿವೃತ್ತರಾಗುತ್ತಿರುವ, ಕಚೇರಿಗೆಲ್ಲ ಅಂಕಿಯಕ್ಕನೆಂದೇ ಪರಿಚಿತರಾದ ಹಿರಿಯರು.

ಅವರು ಸೇವೆಗೆ ಸೇರಿದ ಕಾಲಕ್ಕೆ ಸತ್ತವರನ್ನು ಸತ್ತ ಜಾಗದ ಲೆಕ್ಕಕ್ಕೇ ಬರೆಯುವುದು ರೂಢಿ. ಹಾಗಾಗಿ ದೊಡ್ಡಾಸ್ಪತ್ರೆಯ ಬೀದಿ ಕಾಗದದ ಮೇಲೆ ಯಮನ ತವರುಮನೆಯಾಗಿತ್ತು. ಕಲ್ಲುಗಣಿಯ ದೂಳು ಕುಡಿದು, ಕೊನೆಗಾಲಕ್ಕೆ ಅದೇ ಆಸ್ಪತ್ರೆ ಸೇರುತ್ತಿದ್ದವರು ವಾಸವಿದ್ದ ಕೆಳಗಿನ ಬಡಾವಣೆಯಲ್ಲಿ, ಲೆಕ್ಕದ ಪ್ರಕಾರ, ಸಾವೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಆಸ್ಪತ್ರೆ ಬೀದಿಗೆ ಔಷಧದ ಹೊಗೆ ಹೊಡೆಸಿದ ಮೇಲಿನವರು ಬಡಾವಣೆಯ ಚಿಕಿತ್ಸಾಲಯವನ್ನು ಮುಚ್ಚಲು ಹೊರಟರು. "ಸಾಯೋರೇ ಇಲ್ಲದ ಕಡೆ ಡಾಕ್ಟರ್ ಯಾಕ್ರೀ?" ಎಂದರು ಒಬ್ಬ ಅಧಿಕಾರಿ.

ಅದಕ್ಕೆ ಉತ್ತರ ಹುಡುಕುತ್ತ ಅಕ್ಕ ಆಸ್ಪತ್ರೆಯ ದಾಖಲೆ ಕೋಣೆಗೆ ಹೋದರು. "ಸತ್ತೋರ ವಿಳಾಸ ನಿಮಗ್ಯಾಕಮ್ಮಾ, ಪತ್ರ ಹಾಕ್ತೀರಾ?" ಎಂದು ಅಲ್ಲಿಯ ಗುಮಾಸ್ತರು ನಕ್ಕರು.

"ಹೆಸರು ಬೇಡ ಅಣ್ಣ. ವಯಸ್ಸು, ಕಾಯಿಲೆ, ಯಾವ ಬೀದಿಯಿಂದ ಬಂದ್ರು, ಅಷ್ಟು ಕೊಟ್ರೆ ಸಾಕು."

ಅದಕ್ಕೆ ಮುಖ್ಯ ವೈದ್ಯರ ಅಪ್ಪಣೆ ಬೇಕಿತ್ತು. ಒಬ್ಬರು ಒಪ್ಪುವಷ್ಟರಲ್ಲಿ ಅವರಿಗೆ ವರ್ಗ. ಹೊಸಬರ ಮುಂದೆ ಮತ್ತೆ ಮೊದಲಿನಿಂದ ಪುರಾಣ. ಚಪ್ಪಲಿ ಸವೆದು ವಿಳಾಸಗಳು ಸಿಕ್ಕಿದರೆ, ಎಷ್ಟು ಜನರಲ್ಲಿ ಎಷ್ಟು ಸಾವು ಎನ್ನಲು ಬಡಾವಣೆಯ ಜನಸಂಖ್ಯೆಯ ಲೆಕ್ಕವೇ ಇಲ್ಲ. ಅದು ಪಕ್ಕದ ದೊಡ್ಡ ವಾರ್ಡಿನಲ್ಲಿ ಕರಗಿಹೋಗಿತ್ತು. ಚಿಕಿತ್ಸಾಲಯದ ದಾದಿಯೊಡನೆ ಮನೆಮನೆ ಹತ್ತಿಳಿದು ಎಣಿಸಿದರು. ಸಾವುಗಳು ತಂತಮ್ಮ ಬೀದಿಗೆ ಮರಳಿದ ಮೇಲೆ ಚಿಕಿತ್ಸಾಲಯ ಮುಚ್ಚಲಿಲ್ಲ, ಎದೆರೋಗದ ವೈದ್ಯರೂ ವಾರಕ್ಕೊಮ್ಮೆ ಬರತೊಡಗಿದರು.

ನಮ್ಮ ಬೆರಳಚ್ಚುಗಾರ್ತಿಯ ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಅಕ್ಕ ಆ ವರ್ಷದ ಸಾವಿನ ಪಟ್ಟಿಯನ್ನು ಅವರ ಮೇಜಿಗೆ ಹೋಗಗೊಡದೆ ತಾವೇ ಕುಳಿತು ಅಚ್ಚುಮಾಡಿದರು.

ಆದರೆ ಈ ಕೆಲಸಕ್ಕೆ ಕೊನೆಯೆಂಬುದಿಲ್ಲ. ಒಂದು ವರ್ಷ ಪಟ್ಟಿ ತಪ್ಪಿದರೆ ಬಡಾವಣೆಯಲ್ಲಿ ಮತ್ತೆ ಸಾವಿಲ್ಲ, ಮತ್ತೆ ಬೀಗದ ಮಾತು. ಹೊಸ ಹೊಸ ಅಧಿಕಾರಿಗಳಿಗೆ ಹೇಳಿದ್ದನ್ನೇ ಹೇಳಿ ಅಕ್ಕ ದಣಿದಿದ್ದಾರೆ. ಅವರ ಜಾಗಕ್ಕೆ ಇನ್ನೂ ಯಾರನ್ನೂ ನೇಮಿಸಿಲ್ಲ.

ಮೊನ್ನೆ ಸಾಹೇಬರು, "ಆಗಾಗ ಬಂದು ಪಟ್ಟಿ ನೋಡ್ಕೊಟ್ಟು ಹೋಗಿ ಅಕ್ಕಾ" ಎಂದರು.

"ಬರಲ್ಲ ಸಾರ್. ನಾನು ಬರ್ತಾ ಇದ್ರೆ ನೀವು ಯಾರನ್ನೂ ಹಾಕಲ್ಲ" ಎಂದರು ಅಕ್ಕ.

ನಿವೃತ್ತರ ಸೇವೆ ಹೀಗೆಯೇ ಮುಂದುವರಿಯಲಿ ಎಂದು ಹಾರೈಸುವುದು ವಾಡಿಕೆ. ನಮಗೆ ಬಾಯಿ ಬರುತ್ತಿಲ್ಲ. ಅಕ್ಕ ನೂರ್ಕಾಲ ಬಾಳಲಿ, ಬೆಳಗಿನ ನಿದ್ದೆ ಸಾಕೆನಿಸುವಷ್ಟು ಮಲಗಲಿ. ಈ ವರ್ಷದ ಪಟ್ಟಿ ಇನ್ನೂ ಆಸ್ಪತ್ರೆಯಲ್ಲೇ ಇದೆ. ತರಲು ಸೋಮವಾರ ನಾವು ಹೋಗುತ್ತೇವೆ.