ಗಂಜಿ ಕುಡಿದ ಟೆನಿಸ್ ಕೋರ್ಟು

ರಾಗಿ ಗಂಜಿ ಪಾತ್ರೆಯ ತಳ ಹಿಡಿದಾಗ ಏಳುವ ಒಂದು ವಾಸನೆ ಇದೆಯಲ್ಲ, ಅರ್ಧ ಹಿತ, ಅರ್ಧ ಸೀದದ್ದು, ಅದು ಮೂಗಿಗೆ ಬಡಿದರೆ ಸಾಕು, ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತುಬಿಡುತ್ತೇನೆ. ಗಂಜಿ ಇನ್ನಷ್ಟು ಸೀಯುತ್ತದೆ, ಮನೆಯವರು ಬೈಯುತ್ತಾರೆ. ಬೈಯಲಿ. ಆ ವಾಸನೆಯ ಹಿಂದೆ ಹಿಂದೂಪುರದ ಒಂದು ಟೆನಿಸ್ ಕೋರ್ಟು ಇದೆ ಎಂದು ಅವರಿಗೇನು ಗೊತ್ತು? ನಗಬೇಡಿ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಹೇಳಿದರೆ ಕೇಳಿದವರು ನಕ್ಕಾರು ಎಂದು ಸುಮ್ಮನಿದ್ದೀರಿ, ಅಷ್ಟೇ.

ಎಪ್ಪತ್ತರ ದಶಕದ ಮಾತು. ನಮ್ಮಪ್ಪ ಊರಿನ ಆಫೀಸರುಗಳ ಕ್ಲಬ್ಬಿನಲ್ಲಿ ಮಾರ್ಕರ್. ಮಾರ್ಕರ್ ಎಂದರೆ ಕೋರ್ಟಿಗೆ ನೀರು ಹಾಕುವವನು, ಕಲ್ಲಿನ ರೋಲರ್ ಎಳೆಯುವವನು, ಸುಣ್ಣದ ಗೆರೆ ಬಿಡುವವನು, ಜೊತೆ ಸಿಗದ ದಿನ ಡಾಕ್ಟರಿಗೋ ತಹಸೀಲ್ದಾರರಿಗೋ ಎದುರು ನಿಂತು ಹದವಾಗಿ ಸೋಲುವವನು, ಎಲ್ಲ ಅವನೇ. ಕೋರ್ಟಿನ ಬೇಲಿಗೆ ಆತುಕೊಂಡಿದ್ದ ಎರಡು ಕೋಣೆಯ ಹೆಂಚಿನ ಮನೆಯನ್ನು ಕ್ಲಬ್ಬಿನವರೇ ಕೊಟ್ಟಿದ್ದರು. ನಾವು ಮಗ್ಗದ ಜನ. ಅಪ್ಪನ ಕಾಲಕ್ಕೆ ಮಗ್ಗ ನಿಂತುಹೋಗಿತ್ತು, ಆದರೆ ಅಪ್ಪನ ತಾಯಿ, ನಮ್ಮ ಜೇಜಿ, ಅದನ್ನು ಒಪ್ಪಿಕೊಂಡಿರಲೇ ಇಲ್ಲ. ಲೋಕದಲ್ಲಿ ಏನು ಕೆಟ್ಟರೂ ಅದನ್ನು ನೂಲಿನ ಲೆಕ್ಕದಲ್ಲೇ ಸರಿಮಾಡಬಹುದು ಎಂಬುದು ಅವಳ ನಂಬಿಕೆ. ಹರಿದ ಟೆನಿಸ್ ನೆಟ್ಟನ್ನು ಕಾಲಬೆರಳಿಗೆ ಸಿಕ್ಕಿಸಿಕೊಂಡು ಅವಳು ಗಂಟು ಹಾಕುತ್ತಿದ್ದರೆ ಬೆರಳು ಕಣ್ಣಿಗೆ ಕಾಣುತ್ತಿರಲಿಲ್ಲ. ಆ ನೆಟ್ಟಿನಲ್ಲಿ ಕೊನೆಗೆ ಅಂಗಡಿಯ ದಾರಕ್ಕಿಂತ ಜೇಜಿಯ ದಾರವೇ ಹೆಚ್ಚಿತ್ತು.

ಶ್ರಾವಣದಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ನೆಟ್ ಬಿಚ್ಚಿದರೆ ಮತ್ತೆ ಕಟ್ಟುತ್ತಿದ್ದುದು ದೀಪಾವಳಿ ಕಳೆದ ಮೇಲೆ. ಆಡುವವರಿಗೆ ಅದು ರಜೆ, ನಮ್ಮ ಮನೆಗೆ ಅದೇ ಸುಗ್ಗಿ. ಅಮ್ಮನ ತಮ್ಮ ಓಬಳೇಶ ಮಾವ ಕಲ್ಯಾಣದುರ್ಗದಿಂದ ಸನಿಕೆ ಹೊತ್ತುಕೊಂಡೇ ಬಸ್ಸಿಳಿಯುತ್ತಿದ್ದ. ಹಿಂದೂಪುರದಲ್ಲಿ ಸನಿಕೆಗೆ ಬರವೇ ಎಂದು ಅಮ್ಮ ಛೇಡಿಸಿದರೆ ಈ ಊರಿನ ಸನಿಕೆ ತನ್ನ ಕೈಗೆ ಒಗ್ಗುವುದಿಲ್ಲ ಎನ್ನುತ್ತಿದ್ದ. ಕೋರ್ಟಿನ ಮೇಲಿನ ಪದರ ಅಗೆದು ತೆಗೆದ ಮೇಲೆ ಅದಕ್ಕೆ ಹುತ್ತದ ಮಣ್ಣೇ ಆಗಬೇಕು, ಬೇರೆ ಮಣ್ಣು ಹಿಡಿಯುವುದಿಲ್ಲ. ಚಿಲಮತ್ತೂರು ದಾರಿಯ ಹೊಲಗಳ ಬದುವಿನಲ್ಲಿ ಹುತ್ತ ಹುಡುಕಿಕೊಂಡು ಎಲ್ಲರೂ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದೆವು. ಜೇಜಿ ಮೊದಲು ಹಾಲೆರೆದು, ಅರಿಶಿನ ಹಾಕಿ, ನಿನ್ನ ಮನೆ ಬೀಳಿಸುವುದಿಲ್ಲ ತಂದೆ, ಒಂದು ಕಡೆ ಗೋಡೆ ಮಾತ್ರ ಕೆರೆದುಕೊಳ್ಳುತ್ತೇವೆ ಎಂದು ನಾಗಪ್ಪನಿಗೆ ಮಾತು ಕೊಡುವಳು. ಸಂಜೆ ಬಿಸಿಲು ಬೀಳುವ ಕಡೆಯಿಂದ ಮಾತ್ರ ಮಣ್ಣು ತೆಗೆಯಬೇಕು. ಒಂದು ಬುಟ್ಟಿ ಜಾಸ್ತಿಯಾದರೂ ಮಾವನ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಆ ಮಣ್ಣನ್ನು ಜರಡಿ ಹಿಡಿದು, ಸಗಣಿ ಕಲಸಿ, ನೆನೆಸಿಟ್ಟು, ಮರುದಿನದಿಂದ ಮನೆಮಂದಿಯೆಲ್ಲ ಇಳಿದು ತುಳಿಯುವುದು. ಅಮ್ಮ ಸೆರಗು ಸಿಕ್ಕಿಸಿ, ನಾನು ಲಂಗ ಎತ್ತಿ ಕಟ್ಟಿ, ಮೊಣಕಾಲವರೆಗೆ ತಣ್ಣನೆ ಕೆಸರಿನಲ್ಲಿ. ಅಷ್ಟು ಸಂತೋಷ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ, ಸುಳ್ಳೇಕೆ ಹೇಳಲಿ.

ನನಗೆ ಹತ್ತು ವರ್ಷವಾಗಿದ್ದಾಗಿನ ಬೇಸಿಗೆಯಲ್ಲಿ ಕೋರ್ಟು ಉದ್ದಕ್ಕೂ ಬಿರುಕು ಬಿಟ್ಟಿತು. ಚೆಂಡು ಬಿದ್ದ ಕಡೆ ಏಳದೆ ಎಲ್ಲೆಲ್ಲಿಗೋ ಹಾರುತ್ತಿತ್ತು. ಕ್ಲಬ್ಬಿನ ಸೆಕ್ರೆಟರಿ ವಕೀಲರು, ಒಳ್ಳೆಯ ಮನುಷ್ಯ, ಆ ಶ್ರಾವಣದಲ್ಲಿ ನಮ್ಮ ಬಾಗಿಲಿಗೇ ಬಂದು ಅಪ್ಪನಿಗೆ ಮೆಲ್ಲಗೆ ವಿಷಯ ಹೇಳಿದರು. ಈ ಸಲವೂ ಬಿರುಕು ಬಿಟ್ಟರೆ ಸಿಮೆಂಟ್ ಹಾಕಿಸಬೇಕೆಂದು ಮೆಂಬರುಗಳು ಪಟ್ಟು ಹಿಡಿದಿದ್ದಾರಂತೆ. ಸಿಮೆಂಟಾದರೆ ಮಾರ್ಕರ್ ಬೇಕಾಗುವುದಿಲ್ಲ, ಮಾರ್ಕರ್ ಇಲ್ಲದಿದ್ದರೆ ಮಾರ್ಕರ್ ಮನೆಯೂ ಇರುವುದಿಲ್ಲ. ಅಮ್ಮ ಕೊಟ್ಟ ಕಾಫಿಯನ್ನು ಅವರು ತಲೆ ಎತ್ತದೆ ಕುಡಿದು ಹೋದರು. ಅಂದಿನಿಂದ ಅಪ್ಪ ಊಟಕ್ಕೆ ಕೂತಾಗಲೂ ಬಾಗಿಲಾಚೆ ಆ ಮಣ್ಣನ್ನೇ ನೋಡುತ್ತಿದ್ದ.

ಆ ವರ್ಷ ಎರಡು ಸಲ ಪದರ ಹಾಕಿದರೂ ಎರಡು ಬಿಸಿಲಿಗೆ ಕೂದಲೆಳೆಯಂಥ ಗೆರೆ ಕಾಣಿಸಿಕೊಂಡುಬಿಟ್ಟಿತು. ಅಪ್ಪ ಅದನ್ನು ಉಗುರಿನಿಂದ ಮುಟ್ಟುತ್ತ ಕುಕ್ಕರುಗಾಲಲ್ಲಿ ಕೂತಿದ್ದ. ಜೇಜಿ ಬಂದು ಪಕ್ಕದಲ್ಲಿ ನಿಂತಳು.

"ನೂಲು ಬಿರುಸಾಗಿ ತುಂಡಾಯ್ತಿದ್ರೆ ಏನ್ ಮಾಡ್ತೀವಿ? ಗಂಜಿ ಕುಡುಸ್ತೀವಿ. ಮಣ್ಣೂ ಅಂಗೇ ಕಣ್ಲಾ."

ಬೇರೆ ದಿನವಾಗಿದ್ದರೆ ಅಪ್ಪ ನಕ್ಕುಬಿಡುತ್ತಿದ್ದ. ಅಂದು ಬೇರೆ ದಾರಿ ತೋಚಲಿಲ್ಲ. ಅಮ್ಮ ನೀರು ಕಾಯಿಸುವ ಹಂಡೆಯಲ್ಲಿ ರಾಗಿ ಗಂಜಿ ಕಾಸಿದಳು, ತಳ ಹಿಡಿಯಿತು, ಕ್ಲಬ್ಬಿನ ತುಂಬ ಆ ವಾಸನೆ. ನೂಲು ಮೆತ್ತಗಾಗಲು ಹಾಕುವ ಹಾಗೆಯೇ ಅದಕ್ಕೆ ಕಡ್ಲೆಕಾಯಿ ಎಣ್ಣೆ ಬಿದ್ದಿತು. ಅಟ್ಟದ ಮೇಲಿಂದ ಹಾಸುನೂಲಿಗೆ ಗಂಜಿ ಸವರುವ ಎರಡು ಹಳೇ ಕುಂಚ ಇಳಿದವು. ಹಿಂದೆ ಬೀದಿಯುದ್ದಕ್ಕೂ ನೂಲು ಹಾಸಿ ಸವರುತ್ತಿದ್ದರಲ್ಲ, ಅದೇ ರೀತಿ ಅಪ್ಪ ಒಂದು ತುದಿಯಿಂದ, ಮಾವ ಇನ್ನೊಂದು ತುದಿಯಿಂದ ಹಿಂದಕ್ಕೆ ಹೆಜ್ಜೆ ಇಡುತ್ತ ಸವರಿಕೊಂಡು ಹೋದರು. ಎಳೆ ಕೀಳಬೇಡಿ ಎಂದು ಜೇಜಿ ಬೇಲಿಯ ಬಳಿ ನಿಂತು ಗದರುತ್ತಿದ್ದಳು. ಮಣ್ಣಿನಲ್ಲಿ ಎಳೆ ಎಲ್ಲಿಂದ ಬರಬೇಕು! ಆದರೆ ಸಂಜೆಗೆ ಕೋರ್ಟು ಹೊಸ ಪಂಚೆಯ ಹಾಗೆ ನುಣ್ಣಗೆ ಬಿಗಿದುಕೊಂಡಿತು. ಎಷ್ಟೋ ದಿನಗಳ ಮೇಲೆ ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಬೆಳಿಗ್ಗೆ ಮೊದಲು ಎದ್ದದ್ದು ಮಾವ. ಅವನು ಬಾಗಿಲಲ್ಲೇ ನಿಂತು ಅಪ್ಪನನ್ನು ಕರೆದ.

"ಭಾವ, ಕೋರ್ಟು ನಡೀತಾ ಐತೆ ನೋಡು."

ಇರುವೆ. ಒಂದು ಸಾಲಲ್ಲ, ಎರಡಲ್ಲ, ನೆಲವೇ ಕಾಣದಷ್ಟು ಕೆಂಪಿರುವೆ. ಗಂಜಿ, ಮೇಲೆ ಕಡ್ಲೆಕಾಯಿ ಎಣ್ಣೆ, ಇರುವೆಗೆ ಇನ್ನೇನು ಬೇಕು? ಮಗ್ಗದ ಮನೆಯಲ್ಲಿ ನೂಲು ಒಣಗಿದ ಕೂಡಲೇ ಸುತ್ತಿ ಎತ್ತಿಡುತ್ತೇವೆ. ಕೋರ್ಟನ್ನು ಸುತ್ತಿ ಎತ್ತಿಡಲಾಗುವುದಿಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಆಟ ಶುರುವಾಗಲು ಮೂರು ದಿನ ಉಳಿದಿತ್ತು. ಅಮ್ಮ ಒಲೆಯ ಬೂದಿಯನ್ನು ಮೊರಕ್ಕೆ ತುಂಬಿಕೊಂಡು ಬಂದು ಎರಚಿದಳು. ಅದು ಎಲ್ಲಿ ಸಾಲುತ್ತದೆ? ಹಿಂದಿನ ಬೀದಿಗೆ ಸುದ್ದಿ ಹೋಯಿತು. ಒಬ್ಬೊಬ್ಬರೇ ಹೆಂಗಸರು ನಗುತ್ತ, ತೆಲುಗಿನಲ್ಲಿ ಜೇಜಿಯ ಕಾಲೆಳೆಯುತ್ತ, ಮೊರ ಮೊರ ಬೂದಿ ತಂದು ಸುರಿದರು. ಜೇಜಿ ಅಂದು ಊಟ ಮಾಡಲಿಲ್ಲ. ಸಂಜೆ ಅಪ್ಪನ ಎದುರು ಬಂದು ಕೂತಳು.

"ನಿನ್ ಮನೇನ ನಾನೇ ಕಳ್ದೆ ಕಣಪ್ಪ," ಎಂದಳು.

ಅಪ್ಪ ಅವಳ ಕೈಹಿಡಿದು ಕೋರ್ಟಿನ ನಡುವಿಗೆ ಕರೆದುಕೊಂಡು ಹೋದ. ಇರುವೆ ಹೋಗಿದ್ದವು. ಗಂಜಿಯ ಅಂಟಿಗೆ ಬೂದಿ ಹಿಡಿದುಕೊಂಡು ನೆಲವೆಲ್ಲ ಬೂದುಬಣ್ಣವಾಗಿತ್ತು, ಮೂರು ದಿನದ ಬಿಸಿಲಿಗೂ ಒಂದು ಗೆರೆ ಬೀಳಲಿಲ್ಲ. ಆಟ ಶುರುವಾದ ದಿನ ಸೆಕ್ರೆಟರಿಯವರು ಬೂಟಿನ ತುದಿಯಿಂದ ಕೆರೆದು ನೋಡಿ, ಇದೇನು ಬಣ್ಣ ಎಂದು ಕೇಳಿದರು. ಹೊಸ ಪದ್ಧತಿ ಸಾರ್ ಎಂದ ಅಪ್ಪ. ಬೇಲಿಯಾಚೆ ನಿಂತಿದ್ದ ಮಾವ ನಗು ತಡೆಯಲಾರದೆ ಬಾಯಿಗೆ ಟವೆಲ್ ತುರುಕಿಕೊಂಡ.

ಆ ಬೇಸಿಗೆ ಕೋರ್ಟು ಬಿರಿಯಲಿಲ್ಲ, ಮನೆ ಉಳಿಯಿತು. ಮುಂದಿನ ವರ್ಷದಿಂದ ಗಂಜಿ, ಇರುವೆ, ಬೂದಿ ಮೂರೂ ನಮ್ಮ ಮಳೆಗಾಲದ ಕೆಲಸದಲ್ಲಿ ಸೇರಿಕೊಂಡವು. ಗಂಜಿ ಹಾಕಿದ ಮರುದಿನ ಬೆಳಿಗ್ಗೆ ಜೇಜಿ ಹಾಸಿಗೆಯಿಂದಲೇ, ಇರುವೆ ಬಂದವಾ ಎಂದು ಕೇಳುವಳು. ಬಂದವು ಎಂದ ಮೇಲೆಯೇ ಅವಳು ಕಾಫಿ ಕುಡಿಯುತ್ತಿದ್ದುದು. ಹೀಗೆ ಹತ್ತು ಹನ್ನೆರಡು ಮಳೆಗಾಲ ಕಳೆದವು. ನಾನು ಮದುವೆಯಾಗಿ ಕಲ್ಯಾಣದುರ್ಗ ಸೇರಿದೆ. ಕೋರ್ಟಿನಲ್ಲಿ ಯಾವ ಕುಂದೂ ಇರಲಿಲ್ಲ, ಆದರೂ ಸಿಮೆಂಟ್ ಬಂತು. ಕಾಲ ಬದಲಾಗಿತ್ತು, ಮಳೆಗಾಲದಲ್ಲೂ ಆಡಬೇಕೆನ್ನುವ ಹೊಸ ಮೆಂಬರುಗಳು ಬಂದಿದ್ದರು. ದೀಪಾವಳಿ ಕಳೆದು ಮನೆ ಬಿಡಬೇಕು ಎಂದಾಯಿತು. ಸಾಮಾನು ಕಟ್ಟಲು ನಾನು ತವರಿಗೆ ಬಂದೆ. ಜೇಜಿಗೆ ಆಗ ಎರಡೂ ಕಣ್ಣು ಹೋಗಿದ್ದವು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಗಂಜಿ ಯಾವಾಗ ಹಾಕುತ್ತೀರಿ ಎಂದು ಅವಳು ಕೇಳುತ್ತಲೇ ಇದ್ದಳು. ಕೊನೆಗೊಂದು ದಿನ ಅಪ್ಪ ತಾನೇ ಹಂಡೆಯಲ್ಲಿ ಗಂಜಿ ಕಾಸಿ, ಎಣ್ಣೆ ಹಾಕಿ, ಅವಳನ್ನು ಆ ಸಿಮೆಂಟಿನ ಮೇಲೆ ನಡೆಸಿಕೊಂಡು ಹೋಗಿ ಕೈಗೆ ಕುಂಚ ಕೊಟ್ಟ. ಜೇಜಿ ಬಗ್ಗಿ ಸವರಿದಳು. ಈ ವರ್ಷ ಚೆನ್ನಾಗಿ ತುಳಿದಿದ್ದೀಯ, ಒಂದು ಹರಳೂ ಇಲ್ಲ ಎಂದು ಅಪ್ಪನನ್ನು ಹೊಗಳಿದಳು. ಅಷ್ಟು ವರ್ಷ ಮಣ್ಣು ತುಳಿದ ಕಾಲಿಗೆ ಸಿಮೆಂಟು ತಿಳಿಯದೆ ಇರುತ್ತದೆಯೇ ಎಂದು ಈಗಲೂ ಯೋಚಿಸುತ್ತೇನೆ, ಬಗೆಹರಿಯುವುದಿಲ್ಲ. ಬೆಳಿಗ್ಗೆ ನಾನೂ ಅಪ್ಪನೂ ಬಾಗಿಲು ತೆಗೆದು ನೋಡಿದೆವು.

"ಇರುವೆ ಬಂದ್ವಾ?" ಒಳಗಿಂದ ಜೇಜಿ ಕೇಳಿದಳು.

"ಬಂದವೆ ಅವ್ವ. ಸಾಲ್ ಸಾಲು ಬಂದವೆ." ಅಪ್ಪ ಸುಳ್ಳು ಹೇಳಿರಲಿಲ್ಲ.

"ಅಂಗಾದ್ರೆ ಮನೆ ಉಳೀತು ಬಿಡು."

ಬೂದಿ ತರುತ್ತೇನೆ ಎಂದು ಅಪ್ಪ ಮೊರ ಹಿಡಿದು ಅಡಿಗೆಮನೆಗೆ ಹೋದ. ಅಲ್ಲಿ ಎಲ್ಲ ಸಾಮಾನೂ ಮೂಟೆ ಕಟ್ಟಿ ಇಟ್ಟಿತ್ತು. ಅವನು ಹೊರಗೆ ಬರಲು ಬಹಳ ಹೊತ್ತಾಯಿತು.